ಅಕ್ಕನ ಒಳಗಿನ ಅರಿವೆಗಳು

ಅಕ್ಕ ಕೆಂಪು ಸೂಟ್‌ಕೇಸನ್ನು ನೆಲದ ಮೇಲೆ ಮಲಗಿಸಿ, "ಚಿಲಕಾ ಹಾಕಿ ಬಾ" ಅಂದಳು. ಹಾಕಿ ಬಂದೆ. ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಈ ಮನೆಯಲ್ಲಿ ಗಂಡಸರೇ ಇಲ್ಲ. ಆದರೂ ಚಿಲಕ ಹಾಕದೆ ಹೊರಗೆ ತೆಗೆಯುವ ವಸ್ತು ಅಲ್ಲ ಅದು.

ಸೀರೆಗಳ ಕೆಳಗೆ, ಸೂಟ್‌ಕೇಸಿನ ತಳದಲ್ಲಿ, ಹಳೆಯ ದಿಂಬಿನ ಚೀಲವೊಂದಿತ್ತು. ಅಕ್ಕ ಅದನ್ನು ಬೋರಲು ಮಾಡಿದಳು. ಬಾಡಿಗಳು ಬಿದ್ದವು. ಬ್ರಾಗೆ ಅವ್ವನ ವಯಸ್ಸಿನವರು ಬಾಡಿ ಎನ್ನುತ್ತಾರೆ, ಮನೆಯಲ್ಲಿ ನಾವೂ ಹಾಗೇ ಅನ್ನುತ್ತೇವೆ. ಹೊರಗೆ ಏನೂ ಅನ್ನುವುದಿಲ್ಲ. ಎಣಿಸಿದೆ, ಹದಿನಾಲ್ಕಿದ್ದವು.

"ಇಟ್ಕೊಳ್ಳೂವು ಇತ್ಲಾಗ, ಚೆಲ್ಲೂವು ಅತ್ಲಾಗ" ಅಂದಳು ಅಕ್ಕ. "ಶನಿವಾರದೊಳಗ ಎಲ್ಲಾ ಹಸನ ಆಗಬೇಕು."

ಶನಿವಾರ ಅವಳ ಅತ್ತೆ ಮರಿಯವ್ವ ಬರುವವಳಿದ್ದಳು. ಕದರಮಂಡಲಗಿಯ ಹನಮಪ್ಪನ ಗುಡಿಗೆ ಬಂದು, ಹಾಗೇ ನಮ್ಮ ಮನೆಗೂ ಬಂದು ಹೋಗುತ್ತೇನೆ ಎಂದು ಹೇಳಿಕಳಿಸಿದ್ದಳು. ಜೊತೆಗೆ ಅಕ್ಕನ ಗಂಡ ಚನ್ನೇಶ ಮಾವ. ಅವನು ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ಏಳು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಅಕ್ಕನ ಎಡ ಎದೆಯನ್ನು ಪೂರ್ತಿ ತೆಗೆದರು. ಆಮೇಲೆ ಗಂಟು ಮತ್ತೆ ಬರದಿರಲೆಂದು ಇಪ್ಪತ್ತೈದು ದಿನ ಕರೆಂಟ್ ಕೊಟ್ಟರು. ಅಲ್ಲಿಂದ ಅವಳು ನೇರ ನಮ್ಮ ಮನೆಗೆ ಬಂದಳು. ಮಾವ ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ, ಈಗ ಫೋನು ಮಾಡುತ್ತಾನೆ. ತನ್ನ ತಾಯಿಗೆ ಅವನು ಗಂಟು ತೆಗೆದರು ಎಂದಷ್ಟೇ ಹೇಳಿದ್ದ.

ಫೋನಿನಲ್ಲಿ ಅವನು ಹೇಳಿದ್ದು ನನಗೂ ಕೇಳಿಸಿತ್ತು. "ಅವ್ವ ನೋಡಿ ಹೂಂ ಅಂದ್ರ ಅವತ್ತ ಕರ್ಕೊಂಡ ಬರತೇನಿ, ಮಹೇಶಿ. ಅಕಿಗೆ ಗೊತ್ತಾಗದಂಗ ಏನರ ಮಾಡ್ಕೋ."

"ಆಮ್ಯಾಲ ಗೊತ್ತಾಗೂದಿಲ್ಲೇನಕ್ಕಾ?" ಎಂದು ನಾನು ಕೇಳಿದ್ದೆ.

"ಒಮ್ಮೆ ಹೊಸ್ತಿಲಾ ದಾಟಿ ಒಳಗ ಹೋದೆ ಅಂದ್ರ ಮುಂದಿಂದು ನಾ ನೋಡ್ಕೊಂತೀನಿ. ಹೊರಗಿದ್ದಾಕಿನ್ನ ಬ್ಯಾಡ ಅನ್ನೂದು ಸಸಾರ. ಒಳಗಿದ್ದಾಕಿನ್ನ ಕಡೀಗೆ ಹಾಕೂದು ಅಷ್ಟು ಸಸಾರಿಲ್ಲ."

ಒಂದೊಂದೇ ಎತ್ತಿ ಬೆಳಕಿಗೆ ಹಿಡಿದೆವು. ಐದರ ಇಲಾಸ್ಟಿಕ್ ಸತ್ತಿತ್ತು, ಎಳೆದರೆ ಎಳೆದಷ್ಟು ಬರುತ್ತಿತ್ತು, ವಾಪಸ್ಸು ಹೋಗುತ್ತಿರಲಿಲ್ಲ. ಮೂರರ ಕೊಂಡಿ ಜಂಗು ಹಿಡಿದಿತ್ತು, ಅವಕ್ಕೆ ಪಿನ್ನು ಚುಚ್ಚಿತ್ತು. ಎರಡರ ಮೇಲೆ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕೆ. ಅವು ಬಿಸಿಲು ಕಂಡ ಅರಿವೆಗಳಲ್ಲ. ನಾವು ಅವನ್ನು ತೊಳೆದು ಹಗ್ಗದ ಮೇಲೆ ಹಾಕಿ, ಮೇಲೊಂದು ಪರಕಾರ ಹೊದಿಸುತ್ತೇವೆ. ಪರಕಾರ ಒಣಗುತ್ತದೆ, ಅದರ ಕೆಳಗಿನದು ಹಸಿಯಾಗೇ ಒಳಗೆ ಬರುತ್ತದೆ.

"ದವಾಖಾನಿ ನರ್ಸು ಏನಂದ್ಲು ಗೊತ್ತೈತೇನ? ನಿಮ್ಮ ಚರ್ಮ ಈಗ ಎಳೀ ಕೂಸಿಂದು ಇದ್ದಂಗ, ಒಳಗಿನ ಅರಿವಿ ಬಿಸಲಾಗ ಒಣಗಸ್ರಿ ಅಂದ್ಲು. ಹಗ್ಗದ ಮ್ಯಾಲ ಹಾಕಿ ಊರ ಮಂದಿನ್ನ ಕರೀಲೇನು ಬರ್ರಿ ಅಂತ?"

ತಳದಲ್ಲಿ ಒಂದು ಕೆಂಪಗಿನದಿತ್ತು, ಜಾಳಿಗೆ ಜಾಳಿಗೆ ಬಟ್ಟೆಯದು. ಮದುವೆಯಾದ ವರ್ಷ ಮಾವ ದಾವಣಗೆರೆಯಿಂದ ತಂದದ್ದಂತೆ, ಮನೆಯಲ್ಲಿ ಯಾರಿಗೂ ಕಾಣಬಾರದೆಂದು ಫೇಡೆ ಡಬ್ಬಿಯಲ್ಲಿ ಹಾಕಿ. ಮರಿಯವ್ವ ಫೇಡೆ ಎಂದು ಕೈ ಚಾಚಿದಳಂತೆ. ಅಕ್ಕ ಇದನ್ನು ಹೇಳಿ ನಕ್ಕಳು. ನಗುತ್ತಲೇ ಅದನ್ನು ಚೆಲ್ಲುವ ಗುಂಪಿಗೆ ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮತ್ತೆ ಹಾಕಿದಳು. ನಾನು ಬೇರೆ ಕಡೆ ನೋಡುತ್ತಿದ್ದಂತೆ ಮಾಡಿದೆ.

ಕೊನೆಗೆ ಮೂರು ಗಟ್ಟಿಯಾದವು ಉಳಿದವು. ಅಕ್ಕ ಅವನ್ನು ತೊಡೆಯ ಮೇಲೆ ಹರವಿಕೊಂಡು ಕುಳಿತಳು.

"ಗಟ್ಟಿ ಅದಾವ ಅಕ್ಕಾ."

"ಎರಡೂ ಕಡೆ ಗಟ್ಟಿ ಅದಾವ" ಅಂದಳು.

ಹಾಳಾದವನ್ನು ತಿಪ್ಪೆಗೆ ಎಸೆಯುವಂತಿಲ್ಲ, ನಾಯಿಗಳು ಎಳೆದು ಓಣಿಯ ನಡುವೆ ತಂದಿಡುತ್ತವೆ. ಕಸದ ಗಾಡಿಯವನು ನಮ್ಮ ಓಣಿಯವನೇ. ಅಕ್ಕ ನಾಲ್ಕನ್ನು ಮೆತ್ತಗಿವೆ ಎಂದು ಹರಿದು ತುಂಡು ಮಾಡಿ ಇಟ್ಟುಕೊಂಡಳು. ಉಳಿದವನ್ನು ಬಚ್ಚಲೊಲೆಗೆ ತುರುಕಿದೆವು. ಹೊಗೆ ವಾಸನೆಗೆ ಅವ್ವ ಹಿತ್ತಲಿಂದ ಕೂಗಿದಳು. "ಏನ ಸುಡಾಕತ್ತೀರೇ, ಚಪ್ಪಲಿ ಸುಟ್ಟಂಗ ನಾರತೈತಿ!"

"ಹಳೀ ಸಾಮಾನವಾ" ಅಂದಳು ಅಕ್ಕ.

ಗುರುವಾರ ಹೊಸದನ್ನು ತರಲು ಹೋದೆವು. ನಮಗೆ ರಾಣೆಬೆನ್ನೂರು ಹತ್ತಿರ, ಆದರೆ ಅಲ್ಲಿ ಅಕ್ಕನ ಗಂಡನ ಮನೆಯ ಕಡೆಯವರು ಯಾರಾದರೂ ಸಿಕ್ಕಾರು ಎಂದು ಬ್ಯಾಡಗಿ ಮೇಲೆ ಹಾದು ಹಾವೇರಿಗೆ ಹೋದೆವು. ಅಲ್ಲಿ ಬಜಾರದ ಸಂದಿಯೊಂದರಲ್ಲಿ ಶಮಶೇರಸಾಬರ ಅಂಗಡಿ. ಎಪ್ಪತ್ತು ದಾಟಿದವರು. ಹೆಣ್ಣುಮಕ್ಕಳು ಅವರ ಮುಂದೆ ನಂಬರು ಹೇಳುವುದಿಲ್ಲ. ಹಳೆಯದೊಂದನ್ನು ಪೇಪರಿನಲ್ಲಿ ಸುತ್ತಿ ತಂದು ಮುಂದಿಡುತ್ತಾರೆ. ಸಾಬರು ರಸ್ತೆಯ ಕಡೆ ನೋಡುತ್ತಲೇ ಪೇಪರಿನೊಳಗೆ ಕೈ ಹಾಕಿ, ಬೆರಳಿನಲ್ಲೇ ಅಳೆದು, ಎದ್ದು ಹೋಗಿ ಅದೇ ಅಳತೆಯ ಡಬ್ಬಿ ತರುತ್ತಾರೆ. ಅದಕ್ಕೇ ಸುತ್ತಲ ಹಳ್ಳಿಯವರೆಲ್ಲ ಅಲ್ಲಿಗೆ ಹೋಗುವುದು.

ಅವರು ಡಬ್ಬಿ ತಂದಿಟ್ಟರು. ಅಕ್ಕ ಅದನ್ನು ತೆಗೆಯಲಿಲ್ಲ. ತಲೆ ತಗ್ಗಿಸಿಕೊಂಡೇ ಕೇಳಿದಳು. "ಕಾಕಾ, ಒಳಗ ಖಿಸೆ ಇರೂದು ಸಿಗತೈತೇನ್ರಿ?"

"ಖಿಸೆ?" ಸಾಬರು ಮೊದಲ ಸಲ ಈ ಕಡೆ ತಿರುಗಿದರು. "ರೊಕ್ಕಾ ಇಡಾಕೇನವಾ? ರೊಕ್ಕಕ್ಕ ಖಿಸೆ ಯಾಕ ಬೇಕು, ಹೆಣ್ಮಕ್ಕಳು ಹಂಗ ಇಡತಾರಲ್ಲ. ನಮ್ಮ ಮನಿಯಾಕಿ ಮೊಬೈಲ್ ಸೈತ ಅಲ್ಲೇ ಇಡತಾಳ. ಫೋನ್ ಬಂತಂದ್ರ ಗುಡಿ ಗಂಟಿ ಬಾರಿಸಿದಂಗ ಆಗತೈತಿ, ಯಾರ್ ತಗೀಬೇಕು ಅಂತ ಇಬ್ರೂ ನಿಂತ ನೋಡತೇವಿ."

ಅಕ್ಕ ನಕ್ಕಳು. ಸೆರಗಿನಿಂದ ಬಾಯಿ ಮುಚ್ಚಿ, ಕಣ್ಣಲ್ಲಿ ನೀರು ಬರುವಷ್ಟು. ಏಳು ತಿಂಗಳಲ್ಲಿ ನಾನು ಅಷ್ಟು ನಗು ನೋಡಿರಲಿಲ್ಲ. ಎರಡು ತೆಗೆದುಕೊಂಡೆವು, ಸಾದಾ ಹತ್ತಿಯವು, ಒಂದು ಬಿಳಿ, ಒಂದು ಮೈಬಣ್ಣದ್ದು.

ವಾಪಸ್ಸು ಬಸ್ಸಿನಲ್ಲಿ ಅವಳು ನನ್ನ ಕಿವಿಯಲ್ಲಿ ಮಾತಾಡುತ್ತಲೇ ಇದ್ದಳು. "ಇನ್ನ ಮ್ಯಾಲ ಹದಿನಾಲ್ಕ ಬ್ಯಾಡ, ಮೂರ ಸಾಕು. ಒಂದು ಮೈಮ್ಯಾಲ, ಒಂದು ನೀರಾಗ, ಒಂದು ಬಿಸಲಾಗ. ಅಲ್ಲಿ ನಮ್ಮ ಮಾಳಗಿ ಮ್ಯಾಲ ಯಾರೂ ಬರೂದಿಲ್ಲ, ನೀರಿನ ಟಾಕಿ ಹಿಂದ ಹಗ್ಗಾ ಕಟ್ಟತೀನಿ. ಖುಲ್ಲಾ ಬಿಸಲಿಗೆ ಹಾಕತೀನಿ." ಅವಳು ಆಗಲೇ ರಾಣೆಬೆನ್ನೂರಿನ ಮನೆಯ ಮಾಳಿಗೆ ಹತ್ತಿದ್ದಳು.

ಖಿಸೆ ನಾವೇ ಹೊಲಿಯಬೇಕಿತ್ತು. ಅದರೊಳಗೆ, ಖಾಲಿ ಎಡಗಡೆ ತುಂಬಲು, ಹಳೆಯ ಬಾಡಿಗಳ ತುಂಡುಗಳಿಂದ ಅಕ್ಕ ದುಂಡಗೆ ಚೀಲದ ಆಕಾರ ಕತ್ತರಿಸಿದಳು. ಮೊದಲು ಬರೀ ಅರಳೆ ತುಂಬಿ ನೋಡಿದೆವು. ಹಗುರಾಗಿ ಆ ಕಡೆ ಮೇಲಕ್ಕೇರಿತು. ನವಣೆ ತುಂಬಿದರೆ ಭಾರ ಸರಿಯಾಗುತ್ತದೆ ಎಂದು ಹೇಳಿದವಳು ನಾನೇ. ಹೊಲಿಗೆಯೂ ನನ್ನದೇ ಎಂದಾಯಿತು. ಅಕ್ಕನ ಎಡಗೈಯಲ್ಲಿ ಇನ್ನೂ ಬಾವು ಇತ್ತು, ಹೊಲಿಯುವಾಗ ಬಟ್ಟೆ ಬಿಗಿ ಹಿಡಿಯಲು ಆಗುತ್ತಿರಲಿಲ್ಲ.

ಅದನ್ನು ಶುಕ್ರವಾರ ಸಂಜೆ ಹೊಲಿದೆ, ಬ್ಯಾಡಗಿಯಿಂದ ಕೆಲಸ ಮುಗಿಸಿ ಬಂದು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟಾಗಿನಿಂದ ಅವ್ವನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಅಲ್ಲಿಗೆ ಹೋಗುತ್ತೇನೆ. ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಕೈ ಕೆಂಪಾಗುತ್ತವೆ, ಸೋಪು ಹಚ್ಚಿ ಕಲ್ಲಿಗೆ ತಿಕ್ಕುತ್ತೇವೆ, ಕೆಂಪು ಹೋಯಿತೆಂದರೆ ಕೈ ಸ್ವಚ್ಛವಾಯಿತೆಂದೇ ಲೆಕ್ಕ. ಇಷ್ಟು ವರ್ಷ ಅದೇ ಕೈಯಿಂದ ಕಣ್ಣೊರೆಸಿಕೊಂಡಿದ್ದೇನೆ, ಏನೂ ಆಗಿಲ್ಲ. ಆ ದಿನ ನಮ್ಮ ಮುಂದೆ ಸುರಿದದ್ದು ಗುಂಟೂರು ಕಡೆಯ ಕಾಯಿ. ಅದು ಬಣ್ಣ ಅಷ್ಟು ಬಿಡುವುದಿಲ್ಲ, ಬೆಂಕಿಯನ್ನು ಬಿಡುತ್ತದೆ. ನನ್ನ ಬೆರಳುಗಳು ಜಡ್ಡುಗಟ್ಟಿವೆ, ಅವಕ್ಕೆ ಉರಿ ತಿಳಿಯುವುದಿಲ್ಲ. ಅವ್ವ ಜೊತೆಗಿದ್ದರೆ ಎಚ್ಚರ ಹೇಳುತ್ತಿದ್ದಳೇನೋ. ಅವಳು ಬೀಗರು ಬರುತ್ತಾರೆಂದು ಮನೆ ಸಾರಿಸಲು ಉಳಿದಿದ್ದಳು. ಸಂಜೆ ನನ್ನ ಕೈ ದಿನಕ್ಕಿಂತ ಬೆಳ್ಳಗಿದ್ದವು. ಒಂದೇ ಸಲ ತೊಳೆದುಕೊಂಡು ಹೊಲಿಯಲು ಕುಳಿತೆ. ನವಣೆಯನ್ನು ಬೊಗಸೆಯಲ್ಲಿ ತುಂಬಿದೆ, ಅರಳೆಯನ್ನು ಬೆರಳಿನಿಂದ ಒತ್ತಿ ಒತ್ತಿ ಅಂಚು ಮೆತ್ತಗೆ ಮಾಡಿದೆ, ಮೈಗೆ ತಾಗುವ ಬಟ್ಟೆಯನ್ನು ನೂರು ಸಲ ಸವರಿ ನುಣುಪು ಮಾಡಿದೆ.

ಅಕ್ಕ ಜಂಪರಿನ ಮೇಲೇ ಹಿಡಿದು ಕನ್ನಡಿ ನೋಡಿದಳು. ಎರಡೂ ಕಡೆ ಸಮ. "ಗಂಗೀ, ನಿನ್ನ ಕೈಯಾಗ ದೇವ್ರದಾನ ನೋಡು" ಅಂದಳು.

ಶನಿವಾರ ಹನ್ನೆರಡರ ಹೊತ್ತಿಗೆ ಅವರು ಬಂದರು. ಮರಿಯವ್ವ ಒಳಗೆ ಬರುತ್ತಲೇ ಅವ್ವನಿಗೆ ಬಾಳೆಹಣ್ಣಿನ ಚಿಪ್ಪು ಕೊಟ್ಟಳು. "ನಿಮ್ಮ ಹನಮಪ್ಪನ ಗುಡ್ಯಾಗ ಏನ ಮಂದಿ ಜಯವ್ವಾ! ದೇವರ ಕಾಣ್ಲೇ ಇಲ್ಲ, ಮುಂದ ನಿಂತಾಂವನ ಬೆನ್ನಿಗೆ ಕೈ ಮುಗದ ಬಂದೆ."

ಅಕ್ಕ ಬಾಗಿ ಕಾಲು ಮುಟ್ಟಿದಳು. ಮರಿಯವ್ವ ಅವಳನ್ನು ಹಿಡಿದು ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದಳು. ಮಾವ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಅಯ್ಯ, ಚಲೋ ಆಗ್ಯಾಳಲ್ಲ! ನಾ ಎಲ್ಲಿ ಸೊರಗಿ ಕಡ್ಡಿ ಆಗಿರತಾಳೋ ಅಂತ ಅಂಜಿದ್ದೆ. ಮೈ ಕೈ ತುಂಬ್ಯಾಳ. ಚನ್ನ್ಯಾ, ನೀ ಏನೋ ಅಳಬುರಕನಂಗ ಹೇಳಿದ್ದೆಲ್ಲೋ?"

ಮಾವ ಕ್ಯಾಲೆಂಡರಿನಿಂದ ಕಣ್ಣು ತೆಗೆದು ನಕ್ಕ. ಅಕ್ಕ ಅಡುಗೆಮನೆಗೆ ಬಂದು ನನ್ನ ರಟ್ಟೆ ಚಿವುಟಿದಳು, ಖುಷಿಯಲ್ಲಿ. ರೊಟ್ಟಿ ತಾನೇ ಬಡಿಯುತ್ತೇನೆ ಎಂದು ಹಟ ಹಿಡಿದು ಒಲೆಯ ಮುಂದೆ ಕುಳಿತಳು. ಅತ್ತೆಗೆ ಆ ಸಪ್ಪಳ ಕೇಳಿಸಲಿ ಎಂದು. ಬಲಗೈಯಲ್ಲಿ ಬಡಿದಳು, ಎಡಗೈಯಲ್ಲಿ ತಿರುವಿದಳು. ಹೊರಗಿನಿಂದ ಮರಿಯವ್ವನ ಮಾತು ಬರುತ್ತಿತ್ತು. "ಊಟಾ ಮಾಡಿ ಹೊಂಡೂಣು. ಗಾಡಿ ಮ್ಯಾಲ ಮೂರ ಮಂದಿ ಆಗಂಗಿಲ್ಲ, ನೀವಿಬ್ರೂ ಮುಂದ ಹೋಗ್ರಿ, ನಾ ಬಸ್ಸಿಗೆ ಬರತೀನಿ."

ಅಕ್ಕ ತಿರುಗಿ ನನ್ನನ್ನು ನೋಡಿದಳು. ಮುಖವೆಲ್ಲ ಬೆವರಿತ್ತು. "ಕೇಳಿದೇನು?" ಅಂದಳು. ಅಷ್ಟರಲ್ಲೇ ಅವಳ ಹುಬ್ಬು ಗಂಟಾಯಿತು.

ಮೊದಲು ಅವಳು ಹೆಗಲು ಅಲುಗಿಸಿದಳು. ಆಮೇಲೆ ಎಡಗಡೆ ಮೊಣಕೈ ಒತ್ತಿ ಹಿಡಿದಳು. ಎಲೆ ಹಾಕಿ ಬಡಿಸಲು ಹೋದಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಪಲ್ಯದ ಸೌಟು ಎಲೆಯ ಹೊರಗೆ ಬಿತ್ತು. ತುಟಿ ಕಚ್ಚಿಕೊಂಡಿದ್ದಳು. ಬೆವರಿನ ಜೊತೆ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ನನಗೆ ಆಗ ಗೊತ್ತಾಯಿತು. ನನ್ನ ಬೆರಳನ್ನು ನಾಲಗೆಗೆ ಹಚ್ಚಿ ನೋಡಿದೆ. ಒಂದು ರಾತ್ರಿ ಕಳೆದು ಬೆಳಗಿನ ಸ್ನಾನವಾಗಿದ್ದರೂ ನಾಲಗೆ ಚುರುಗುಟ್ಟಿತು.

"ಯಾಕ ಮಹೇಶಿ?" ಮರಿಯವ್ವ ಊಟ ಬಿಟ್ಟು ಎದ್ದಳು.

"ಏನಿಲ್ರಿ ಅತ್ತಿ, ಒಲೀ ಮುಂದ ಕುಂತಿದ್ನೆಲ್ಲ, ಸೆಕಿ."

"ಸೆಕೀಗೆ ಎದಿ ಹಿಡಕೊಂತಾರೇನು? ಅದ ಕಡೆ ಅಲ್ಲೇನು ಗಂಟ ತಗದದ್ದು?"

ಅಕ್ಕ ಬಚ್ಚಲಿಗೆ ನಡೆದಳು. ಒಳಗೆ ನೀರು ಸುರಿದುಕೊಂಡ ಸಪ್ಪಳ ಬಂತು. ಖಾರಕ್ಕೆ ನೀರು ಬಿದ್ದರೆ ಉರಿ ಹರಡುತ್ತದೆ. ಅವಳು ಒಂದೇ ಸಲ ಕೂಗಿದಳು, ತಕ್ಷಣ ಬಾಯಿಗೆ ಏನೋ ತುರುಕಿಕೊಂಡಂತೆ ಆ ದನಿ ನಿಂತಿತು.

ಮರಿಯವ್ವ ಬಚ್ಚಲ ಬಾಗಿಲು ಬಡಿದಳು, ತೆಗೆಯಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

"ಗಂಗಾ, ನೀ ಹೇಳವಾ. ನೀ ಮಾತಾಡದಿದ್ರೂ ಎಲ್ಲಾ ನೋಡತಿರತೀ. ಅದು ಮತ್ತ ಬಂದೈತೇನು?"

ಅದು ಮೆಣಸಿನಕಾಯಿ ಖಾರರೀ ಅಂದರೆ ಮುಗಿಯುತ್ತಿತ್ತು. ಆದರೆ ಖಾರ ಅಲ್ಲಿಗೆ ಹೇಗೆ ಹೋಯಿತು ಎಂದು ಕೇಳಿದರೆ ನನ್ನ ಕೈ ಎನ್ನಬೇಕು. ಕೈ ಅಲ್ಲಿ ಏನು ಮಾಡುತ್ತಿತ್ತು ಎಂದರೆ ಚೀಲ ಎನ್ನಬೇಕು, ನವಣೆ ಎನ್ನಬೇಕು. ಆಮೇಲೆ ಚೀಲ ಯಾಕೆ ಎನ್ನುತ್ತಾಳೆ. ಮಾವ ಅಲ್ಲೇ ನಿಂತಿದ್ದ, ಎಂಜಲು ಕೈಯಲ್ಲಿ. ಗಂಡಸಿನ ಮುಂದೆ ಬಾಡಿ ಎಂಬ ಶಬ್ದವನ್ನೇ ನಾನು ಈವರೆಗೆ ಆಡಿಲ್ಲ. ಬಚ್ಚಲ ಬಾಗಿಲು ಬೆರಳಗಲ ತೆರೆಯಿತು. ಸಂದಿಯಲ್ಲಿ ಅಕ್ಕನ ಒಂದು ಕಣ್ಣು ಕಂಡಿತು. ಹೇಳಬೇಡ ಎಂದು ಅದು ನನಗೆ ಸನ್ನೆ ಮಾಡಿತು.

ನಾನು ಸುಮ್ಮನೆ ನಿಂತೆ.

ನಮ್ಮಲ್ಲಿ ಇಂಥ ಮಾತಿಗೆ ಹುಡುಗಿ ಸುಮ್ಮನೆ ನಿಂತಳೆಂದರೆ ಹೌದು ಎಂದೇ ಅರ್ಥ. ಖಾರದ ಸಂಗತಿ ಅವ್ವನಿಗೂ ಗೊತ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಬಚ್ಚಲ ಕಡೆ ನೋಡಿದಳು, ಅಲ್ಲೇ ಕುಸಿದು ಕುಳಿತು, "ಯವ್ವಾ ನನ್ನ ಮಗಳ" ಎಂದು ಅಳಲು ಶುರು ಮಾಡಿದಳು. ಅದಾದ ಮೇಲೆ ಯಾರಿಗೂ ಏನೂ ಕೇಳುವುದು ಉಳಿಯಲಿಲ್ಲ.

ಮರಿಯವ್ವ ಅವ್ವನ ಪಕ್ಕ ಕುಳಿತು ಬೆನ್ನು ಸವರಿದಳು. "ನಾ ಕೆಟ್ಟಾಕಿ ಅಲ್ಲ ಜಯವ್ವಾ. ನನ್ನ ತಂಗಿನೂ ಹಿಂಗ ಎದಿ ಹಿಡಕೊಂಡ ಕುಂತಿದ್ಲು, ಆರಾಮ ಆಗೇನಿ ಅಂತ ಎಲ್ಲಾರಿಗೂ ಹೇಳಿ ಒಂದ ವರ್ಷಕ್ಕ. ಅಕಿ ಹೆಣಾ ನಾನ ತೊಳದೇನಿ. ಮತ್ತೊಮ್ಮೆ ಅದನ್ನ ಮನ್ಯಾಗ ಇಟಗೊಂಡ ನೋಡೂ ಶಕ್ತಿ ನನಗಿಲ್ಲ. ತಾಯಿ ಕಡೆ ಇರ್ಲಿ. ತೋರಸ್ರಿ, ಆರಾಮಾದ್ರ ನೋಡೂಣಂತ."

ಅವಳು ಬಾಳೆಹಣ್ಣಿನ ಚಿಪ್ಪನ್ನು ದೇವರ ಮುಂದೆ ಸರಿಸಿಟ್ಟು ಎದ್ದಳು. ಮಾವ ಕೈ ತೊಳೆದು ಗಾಡಿಯ ಕಡೆ ಹೋದ. ಅಕ್ಕ ಹೊರಗೆ ಬರಲಿಲ್ಲ.

ಗಾಡಿ ಹೋದ ಮೇಲೆ ಬಚ್ಚಲ ಬಾಗಿಲು ತೆರೆಯಿತು. ಎದೆಯ ಎಡಭಾಗ, ಹೊಲಿಗೆಯ ಸುತ್ತ, ಸುಟ್ಟ ಹಪ್ಪಳದ ಹಾಗೆ ಎದ್ದಿತ್ತು. ಅವ್ವನಿಗೆ ಆಗ ಎಲ್ಲ ಹೇಳಿದೆ. ಅವಳು ಹಣೆ ಬಡಿದುಕೊಂಡು ಮಜ್ಜಿಗೆ ತರಲು ಓಡಿದಳು. ನಾನು ಕೊಬ್ಬರಿ ಎಣ್ಣೆ ಹಿಡಿದುಕೊಂಡು ನಿಂತೆ, ಹಚ್ಚಲು ಕೈ ಮುಂದೆ ಮಾಡಲಾಗಲಿಲ್ಲ. ಅಕ್ಕ ಬಾಟಲಿ ಕಸಿದುಕೊಂಡು ತಾನೇ ಹಚ್ಚಿಕೊಂಡಳು.

"ಗುಂಟೂರ ಕಾಯೇನು?"

"ಹೂಂ."

"ಅಲ್ಲೇ ಹೇಳಬೇಕಿತ್ತು."

"ನೀನ ಬ್ಯಾಡ ಅಂತ ಕಣ್ಣ ಮಾಡಿದಿ ಅಕ್ಕಾ."

"ಮಾಡ್ದೆ" ಅಂದಳು. ಬಾಟಲಿಯ ಮುಚ್ಚಳ ತಿರುವುತ್ತ ಮತ್ತೆ, "ನಾನ ಮಾಡ್ದೆ" ಅಂದಳು.

ಮಂಗಳವಾರ ನಾನು ಮಾವನಿಗೆ ಫೋನು ಮಾಡಿದೆ. ಹುಟ್ಟಿದಾಗಿನಿಂದ ನಾನಾಗಿ ಗಂಡಸೊಬ್ಬನಿಗೆ ಮಾಡಿದ ಮೊದಲ ಫೋನು ಅದು. ಕೈ, ಚೀಲ, ಖಾರ, ಎಲ್ಲ ಹೇಳಿದೆ. ಹೇಳುವಾಗ ಕಿವಿಯವರೆಗೆ ಬಿಸಿಯಾಗಿತ್ತು. ಮಾವ ಕೇಳಿದ. ಹಿಂದೆ ಗೋದಾಮಿನಲ್ಲಿ ಚೀಲ ಒಗೆಯುವ ಧಪ್ ಧಪ್ ಸಪ್ಪಳ ಬರುತ್ತಿತ್ತು.

"ನನಗ ಅವತ್ತ ಹಿಂಗ ಏನೋ ಅನಿಸ್ತು" ಅಂದ. "ಆದ್ರ ಅವ್ವಗ ಹೆಂಗ ಹೇಳ್ಲಿ ಗಂಗಾ? ಖಾರ ಅಂದ್ರ ಮೊದಲಿಂದ ಎಲ್ಲಾ ಹೇಳಬೇಕು. ಏಳು ತಿಂಗಳ ಸುಳ್ಳ ಹೇಳಿದಿ ಅಂತಾಳ. ಈಗ ಅಕಿಗೆ ಮಹೇಶಿ ಮ್ಯಾಲ ಕನಿಕರರ ಐತಿ. ಹೇಳಿದ್ರ ಅದೂ ಹೋಕ್ಕೈತಿ."

"ಮತ್ತ ಅಕ್ಕಗ ಏನ ಹೇಳ್ಲಿ ಮಾವಾ?"

"ನಾನ ಮಾಡತೇನಂತ ಹೇಳು."

ಅವನು ಮಾಡಲಿಲ್ಲ. ಮೂರು ವಾರ ಅಕ್ಕ ಫೋನನ್ನು ಬಚ್ಚಲಿಗೂ ತೆಗೆದುಕೊಂಡು ಹೋದಳು. ಚರ್ಮ ಸುಲಿದು ಹೊಸದು ಬಂತು. ಚೆಕಪ್ಪಿಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು, ಏನೂ ಇಲ್ಲ, ಎಲ್ಲ ಸರಿ ಇದೆ ಅಂದರು. ಆ ಕಾಗದದ ಫೋಟೋ ತೆಗೆದು ಅಕ್ಕ ಮಾವನಿಗೆ ಕಳಿಸಿದಳು. ಅವನು ನೋಡಿದ್ದಾನೆ ಎಂದು ಫೋನಿನಲ್ಲಿ ನೀಲಿ ಗುರುತು ಬಂತು, ಅಷ್ಟೇ.

ನಾಲ್ಕನೆಯ ವಾರ ಅವನ ಫೋನು ಬಂದದ್ದು ನನಗೆ. ರಾಣೆಬೆನ್ನೂರಿನಿಂದ ಬರುವ ಮೂರು ಗಂಟೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಚೀಲ ಕೊಟ್ಟಿದ್ದೇನೆ, ಸ್ಟಾಪಿಗೆ ಹೋಗಿ ಇಳಿಸಿಕೋ ಅಂದ. ದೊಡ್ಡ ಚೀಲ. ಹೊತ್ತು ತರುವಾಗ ಎರಡು ಕಡೆ ಇಳಿಸಿ ಉಸಿರು ತೆಗೆದುಕೊಂಡೆ.

ಅಕ್ಕ ಚೀಲವನ್ನು ನೋಡಿದಳು, ಮುಟ್ಟಲಿಲ್ಲ. ಗೋಡೆಗೆ ಒರಗಿ ಕುಳಿತಳು. "ನೀನ ತಗಿ" ಅಂದಳು.

ತೆಗೆದೆ. ದಿನಬಳಕೆಯ ಸೀರೆಗಳು, ಎರಡು ನೈಟಿ, ಸ್ವೆಟರ್, ಬಾಚಣಿಕೆ, ಅರ್ಧ ಉಳಿದ ಪೌಡರ್ ಡಬ್ಬಿ, ಮನೆಯಲ್ಲಿ ಹಾಕುವ ಚಪ್ಪಲಿ. ಎಲ್ಲ ಚೊಕ್ಕ ಮಡಿಸಿ ಇಟ್ಟಿತ್ತು. ಮಾವನ ಕೈಯ ಮಡಿಕೆಯೋ ಮರಿಯವ್ವನದೋ ತಿಳಿಯಲಿಲ್ಲ.

"ಚಳಿಗಾಲ ಬಂತೆಲ್ಲ, ಸ್ವೆಟರ್ ಬೇಕಾಗತೈತಿ ಅಂತ ಕಳಿಸಿರಬೇಕು" ಅಂದಳು ಅಕ್ಕ. "ಜೋಡಿ ಉಳಿದದ್ದೂ ಹಾಕ್ಯಾನ."

ನಾನು ಹೂಂ ಅಂದೆ.

"ಬ್ರಷ್ ಐತೇನ ನೋಡು. ಬಚ್ಚಲ ಕಿಡಕ್ಯಾಗ ಒಂದು ಸ್ಟೀಲ್ ಗ್ಲಾಸ್ ಐತಿ, ಅದರಾಗ ಇಬ್ಬರವೂ ಇರತಿದ್ವು. ಅದನ್ನೇನು ಕಳಿಸಿರಲಿಕ್ಕಿಲ್ಲ. ಅದು ಅಲ್ಲೇ ಇದ್ರ ನನ್ನ ಜಾಗಾನೂ ಅಲ್ಲೇ ಐತಿ ಅಂತ."

ನಾನು ಪಕ್ಕದ ಚೈನು ಎಳೆದು ಕೈ ಹಾಕಿದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ರಬ್ಬರ್ ಹಾಕಿದ ಏನೋ ಉದ್ದದ್ದು ಬೆರಳಿಗೆ ಸಿಕ್ಕಿತು, ತುದಿಯಲ್ಲಿ ಬ್ರಷ್ಷಿನ ಬಿರುಸು ಎಳೆ. ಹೊರಗೆ ತೆಗೆಯದೆ ಹಾಗೇ ಹಿಡಿದುಕೊಂಡೆ. ಇಲ್ಲ ಅಂದರೆ ಅವಳು ಮಾವ ಕರೆದಾನೆಂದು ಇನ್ನೂ ಎರಡು ತಿಂಗಳು ಫೋನು ಹಿಡಿದು ಓಡಾಡುತ್ತಾಳೆ. ಅಕ್ಕ ನನ್ನ ಮುಖವನ್ನಲ್ಲ, ಚೀಲದೊಳಗಿದ್ದ ನನ್ನ ಕೈಯನ್ನು ನೋಡುತ್ತಿದ್ದಳು.

"ಐತಿ ಅಕ್ಕಾ" ಅಂದೆ.

"ಹಸರದ?"

ಚೈನಿನ ಸಂದಿಯಲ್ಲಿ ನೋಡಿ, "ಹೂಂ. ಹಸರದು" ಅಂದೆ.

ಅವಳು ಎದ್ದು ಬಂದು ಸೀರೆಗಳನ್ನು ಒಂದೊಂದಾಗಿ ಎತ್ತಿ ಗೂಟದ ಮೇಲೆ ಹಾಕತೊಡಗಿದಳು.